ಬಾಣ ನಿಮ್ಮದು, ಗಾಯ ಅವರದು

ಮಕ್ಕಳೇ, ಮೊಬೈಲಿನಲ್ಲಿ ಬರೆದು ಬರೆದೇ ಆಡುವ ಪಾತ್ರದಾಟ ನಿಮಗೆ ಗೊತ್ತು. ಅಜ್ಜ ಅಜ್ಜಿಯರಿಗಾಗಿ ಹೇಳುತ್ತೇನೆ: ಒಬ್ಬಳು ರಾಜಕುಮಾರಿ, ಇನ್ನೊಬ್ಬ ಬೇಟೆಗಾರ. ಅವಳದೊಂದು ಸಾಲು, ಇವನದೊಂದು ಸಾಲು, ಕತೆ ಹೀಗೇ ಬೆಳೆಯುತ್ತದೆ. ತೀರಾ ಹೊಸದೇನಲ್ಲ. ಹಲವರು ಕೂಡಿ ಆಡುವ ಇಂಥ ಅಕ್ಷರದಾಟವೊಂದು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ 1978ರಲ್ಲೇ ಹುಟ್ಟಿತ್ತು.

ಮೊನ್ನೆ ಎಂಟನೇ ತರಗತಿಯ ನನ್ನ ಮೊಮ್ಮಗಳು ಊಟ ಬಿಟ್ಟು ಕೂತಿದ್ದಳು. ಅವಳು ಎರಡು ತಿಂಗಳು ಅಕ್ಕರೆಯಿಂದ ಬೆಳೆಸಿದ ರಾಜಕುಮಾರಿಯನ್ನು ಬೆಂಗಳೂರಿನ ನನ್ನ ಮೊಮ್ಮಗ ಒಂದೇ ಸಾಲಿನಲ್ಲಿ ಮುಗಿಸಿದ್ದ: "ನನ್ನ ಬಾಣ ನಾಟಿತು, ನೀನು ಸತ್ತೆ." ಫೋನು ಮಾಡಿದರೆ, "ಆಟ ತಾನೇ ಅಜ್ಜ!" ಎಂದ.

ಆಟವೇ. ಆದರೆ ಬಾಣ ಬಿಟ್ಟೆ ಎಂದಷ್ಟೇ ಅವನು ಬರೆಯಬೇಕು. ತಾಗಿತೋ ತಪ್ಪಿತೋ ಅವಳು ಬರೆಯಲಿ. ಹಾಗೆಂದು ಪ್ರತಿ ಬಾಣವನ್ನೂ ತಪ್ಪಿಸಿಕೊಳ್ಳುವ ರಾಜಕುಮಾರಿಯ ಜತೆ ಯಾರು ಆಡುತ್ತಾರೆ? ಒಮ್ಮೊಮ್ಮೆ ತೋಳಿಗಾದರೂ ತಾಗಲಿ ಎಂದು ಮೊಮ್ಮಗಳಿಗೂ ಹೇಳಿದೆ.

ನಮ್ಮ ಕರಾವಳಿಯ ತಾಳಮದ್ದಳೆ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಕೃಷ್ಣನ ಅರ್ಥ ಹೇಳುವವರು ಕೌರವನ ಉತ್ತರವನ್ನೂ ತಾವೇ ಹೇಳಿಬಿಟ್ಟರೆ ಎದುರಿಗೆ ಕೂತವರಿಗೇನು ಕೆಲಸ?

ಇನ್ನೊಂದು ಸೂಕ್ಷ್ಮವಿದೆ. ಕರ್ಣ ತನ್ನ ಅಣ್ಣನೆಂದು ಅರ್ಜುನನಿಗೆ ಯುದ್ಧ ಮುಗಿಯುವವರೆಗೆ ಗೊತ್ತಿಲ್ಲ, ಅವನ ಅರ್ಥ ಹೇಳುವವರಿಗೆ ಗೊತ್ತು. ನಿಮಗೆ ಗೊತ್ತಿರುವುದೆಲ್ಲ ನಿಮ್ಮ ಪಾತ್ರಕ್ಕೆ ಗೊತ್ತಿರಬಾರದು. (ಬ್ಯಾಂಕಿನವರಿಗೆ ಇದು ಅಭ್ಯಾಸ. ಯಾರ ಖಾತೆಯಲ್ಲಿ ಎಷ್ಟಿದೆಯೆಂದು ತಿಳಿದಿದ್ದರೂ ಮದುವೆ ಮನೆಯಲ್ಲಿ ಏನೂ ಅರಿಯದವರಂತೆ ಪಕ್ಕದಲ್ಲಿ ಊಟಕ್ಕೆ ಕೂರಬೇಕು!)

ಬೇಟೆಗಾರ ಬೈದರೆ ಅದು ರಾಜಕುಮಾರಿಗೆ ಬೈದದ್ದು, ನಿಮಗಲ್ಲ. ನಿಜವಾಗಿ ನೋವಾದರೆ ಎರಡೆರಡು ಆವರಣ ಚಿಹ್ನೆಯೊಳಗೆ ನಿಮ್ಮದೇ ಮಾತಿನಲ್ಲಿ ಹೇಳಿ: ((ಇದು ಬೇಡ ಕಣೋ, ಬೇಜಾರಾಯ್ತು)). ಪಾತ್ರ ಬಿಟ್ಟು ಮಾತಾಡುವುದಕ್ಕೆ ಆಟಗಾರರಲ್ಲಿ ಈ ಗುರುತು ಇದೆ. ಊಟಕ್ಕೆ ಏಳುವಾಗಲೂ ಹಾಗೇ ತಿಳಿಸಿ, ಎದುರಿನವರನ್ನು ಕಾಯಿಸಬೇಡಿ.

ಎದುರಿನವರು ಗುರುತಿಲ್ಲದವರಾದರೆ ಎಚ್ಚರ. ರಾಜಕುಮಾರಿಯ ಕೋಟೆ ಎಲ್ಲಿದೆ ಎಂದು ಬೇಟೆಗಾರ ಕೇಳಬಹುದು. ನಿನ್ನ ಶಾಲೆ ಯಾವುದು, ಫೋಟೊ ಕಳಿಸು ಎಂದರೆ ಅಲ್ಲಿಗೇ ಬರೆಯುವುದನ್ನು ನಿಲ್ಲಿಸಿ ಮೊಬೈಲನ್ನು ಅಮ್ಮನ ಕೈಗೋ ಅಜ್ಜಿಯ ಕೈಗೋ ಕೊಡಿ.