ಎಂಟು ದಿನಗಳ ಮಾತು: ಮಾನ್ಯ ತಹಸೀಲ್ದಾರರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಮೂರು ಅರ್ಜಿಗಳನ್ನು ಸಲ್ಲಿಸಿ, ಸ್ವೀಕೃತಿಯ ಮುದ್ರೆಗಳನ್ನಷ್ಟೇ ಫಲವಾಗಿ ಪಡೆದ ನಿವೃತ್ತ ಉಪಾಧ್ಯಾಯನೊಬ್ಬನು ಅನ್ಯಮಾರ್ಗ ಕಾಣದೆ ಈ ಅಪ್ರಿಯ ಕಾರ್ಯಕ್ಕೆ ಕೈಹಾಕಿರುವನಾದ್ದರಿಂದ, ಇದನ್ನು ಅವಿನಯವೆಂದೆಣಿಸಬಾರದಾಗಿ ಪ್ರಾರ್ಥನೆ. ನಮ್ಮ ಪ್ರೌಢಶಾಲೆಯ ಬಾಗಿಲೆದುರಿಗೆ ತಂಬಾಕು ಮಾರುವ ಗೂಡಂಗಡಿಯ ಸಂಗತಿಯೂ ಅದರ ಚಟಕ್ಕೆ ಬಿದ್ದ ಒಂಬತ್ತನೆಯ ತರಗತಿಯ ಹುಡುಗನ ಕಥೆಯೂ ಊರಿಗೆಲ್ಲ ತಿಳಿದದ್ದೇ. ಹೂವು ಮಾರಿ ತಾಯಿ ಕೂಡಿಟ್ಟ ದುಡ್ಡು ಏನಾಯಿತೆಂದು ಇಲ್ಲಿ ವಿವರಿಸಲಾರೆ. ಆ ತಾಯಿಯ ಸಮಕ್ಷಮದಲ್ಲೇ ಅಲ್ಲವೇ ತಾವು, "ಎಂಟು ದಿನದಲ್ಲಿ ತೆಗೆಸುತ್ತೇನೆ ಮೇಷ್ಟ್ರೇ" ಎಂದದ್ದು?

ವಿದ್ಯಾಸಂಸ್ಥೆಯಿಂದ 100 ಗಜದೊಳಗೆ ತಂಬಾಕು ಮಾರಕೂಡದೆಂದು 2003ರ ಕೇಂದ್ರ ಕಾಯಿದೆ ವಿಧಿಸಿತು; ನಮ್ಮ ರಾಜ್ಯದ ತಿದ್ದುಪಡಿ ಅದನ್ನು 100 ಮೀಟರಿಗೆ ಹಿಗ್ಗಿಸಿ, ಕೊಳ್ಳುವವನ ವಯಸ್ಸನ್ನು 18ರಿಂದ 21ಕ್ಕೇರಿಸಿ, ಬಿಡಿ ಸಿಗರೇಟಿನ ವಿಕ್ರಯವನ್ನೂ ನಿಷೇಧಿಸಿತು. ತಮ್ಮ ಕಚೇರಿ ಈ ಅಂತರವನ್ನು ಭೂಮಾಪಕರ ಲೆಕ್ಕವೆಂದು ಬಗೆದಂತಿದೆ. ಹುಡುಗರ ನಡುವೆ ಆಯುಷ್ಯ ಕಳೆದ ನನಗೆ ಅದು ಕಾಲದ ಲೆಕ್ಕ. ಸುಖಾಪೇಕ್ಷೆಯನ್ನು ಕೆರಳಿಸುವ ಮಿದುಳಿನ ಭಾಗ ಹದಿಹರೆಯದಲ್ಲೇ ಪ್ರಬಲವಾಗಿ, ಅದಕ್ಕೆ ಕಡಿವಾಣವಿಕ್ಕುವ, ಹಣೆಯ ಹಿಂದಿನ ಭಾಗವು 25ರ ಆಸುಪಾಸಿನವರೆಗೂ ಪಕ್ವವಾಗುತ್ತಲೇ ಇರುವುದೆಂದು ವೈದ್ಯರು ಹೇಳುವುದನ್ನು, ಒಬ್ಬನೇ ಇದ್ದಾಗ ವಿವೇಕಿಯಾದ ಬಾಲಕ ಮೂವರು ಗೆಳೆಯರು ಸೇರಿದೊಡನೆ ಬೇರೊಬ್ಬನೇ ಆಗಿಬಿಡುವಾಗ ನಾನು ನಿತ್ಯವೂ ಕಂಡಿದ್ದೇನೆ. ಅಂಥವನ ಚಾಪಲ್ಯ ನೂರು ಮೀಟರು ನಡೆಯುವಷ್ಟರಲ್ಲಿ ಎಷ್ಟೋ ಸಲ ತಾನಾಗಿ ತಣಿದೀತು, ಗಂಟೆ ಬಾರಿಸೀತು, ಎದುರಿಗೆ ಸೋದರಮಾವನೇ ಬಂದಾನು. ಇಪ್ಪತ್ತು ಹೆಜ್ಜೆಯ ದೂರದಲ್ಲಿ, ಜೇಬಿನ ಚಿಲ್ಲರೆಗೆ ಒಂದೊಂದಾಗಿ ಸಿಗುವಾಗ, ಯೋಚಿಸಲು ಅವಕಾಶವೆಲ್ಲಿ?

ಎಂಟು ದಿನವೆಂದಿರಿ, ಐದು ತಿಂಗಳಾಯಿತು. ಅಂಗಡಿಗೆ ಹೊಸ ತಗಡಿನ ಸೂರು ಬಂದಿದೆ. ಅಂಗಡಿಯನ್ನು ತೆಗೆಸುವುದು ಪುರಸಭೆಯ ಕೆಲಸವೆಂದು ತಮ್ಮ ಗುಮಾಸ್ತರು, ಪೊಲೀಸರದೆಂದು ಪುರಸಭೆಯವರು, ಮೇಲಿನ ಆಜ್ಞೆ ಬರಲೆಂದು ಪೊಲೀಸರು! 2013ರಲ್ಲೇ ನಿಷಿದ್ಧವಾದ ಗುಟ್ಕಾ, ಪಾನ್ ಮಸಾಲೆಯೊಂದು ತಂಬಾಕೊಂದು ಎಂಬ ಜೋಡಿ ಪೊಟ್ಟಣಗಳ ವೇಷದಲ್ಲಿ ಅಲ್ಲೇ ತೋರಣದಂತೆ ತೂಗುತ್ತಿದೆ. ಮಕ್ಕಳಿಗೆ ತಂಬಾಕು ಕೊಟ್ಟವನಿಗೆ 7 ವರ್ಷಗಳವರೆಗೆ ಕಠಿಣ ಸಜೆ ವಿಧಿಸುವ ಬಾಲನ್ಯಾಯ ಕಾಯಿದೆಯ 77ನೆಯ ಕಲಮನ್ನು ಈ ತಾಲೂಕಿನಲ್ಲಿ ಯಾರಾದರೂ ಓದಿದ್ದೀರಾ? ಆಟದ ಬಯಲು ಸಂತೆಗೆ ಹೋಯಿತು, ವಾಚನಾಲಯಕ್ಕೆ ಬೀಗ ಬಿತ್ತು. ಹುಡುಗರು ಎಲ್ಲಿ ನಿಲ್ಲಬೇಕು ಸ್ವಾಮಿ, ಆ ಅಂಗಡಿಯ ಮುಂದಲ್ಲದೆ?

ಹೂವಿನಾಕೆ ಕಂಡಾಗಲೆಲ್ಲ, "ಸಾಹೇಬ್ರು ಹೇಳಿದ್ರಲ್ಲ ಮೇಷ್ಟ್ರೇ?" ಎನ್ನುತ್ತಾಳೆ. ಇನ್ನು ನಾನು ಉತ್ತರಿಸಲಾರೆ. ಬರುವ ಸೋಮವಾರ ಬೆಳಗ್ಗೆ 9ಕ್ಕೆ, ಅಳತೆಯ ಟೇಪು ಹಿಡಿದು ಶಾಲೆಯ ಬಾಗಿಲಲ್ಲಿ ಕಾದಿರುತ್ತೇನೆ, ಆಕೆಯೂ ಬರುತ್ತಾಳೆ. ತಾವೇ ಬಂದು ಹೇಳಿ.

ಇತಿ,
ನಿವೃತ್ತ ಉಪಾಧ್ಯಾಯನೊಬ್ಬ