ಪುಟ್ಟ ವಿಮಾನದ ಮೆಟ್ಟಿಲಿಗೆ ತುಕ್ಕು: ನಿಂಬೆರಸ ಹಚ್ಚಿ ಉಜ್ಜಿದರೆ ಸಾಕೇ?

ತುಕ್ಕು ಹಿಡಿದ ಕಬ್ಬಿಣಕ್ಕೆ ನಿಂಬೆರಸ, ವಿನೆಗರ್ ಇಲ್ಲವೇ ಕೋಲಾ ಹಚ್ಚಿದರೆ ಹೊಸದರಂತೆ ಹೊಳೆಯುತ್ತದೆ ಎನ್ನುವ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಅದು ಸುಳ್ಳಲ್ಲ. ಆಮ್ಲಕ್ಕೆ ತುಕ್ಕನ್ನು ಕರಗಿಸುವ ಗುಣ ಇದೆ. ಮನೆಯ ಗೇಟಿಗೋ ಹಳೆಯ ಕುಡುಗೋಲಿಗೋ ಅದರಿಂದ ತೊಂದರೆಯೂ ಇಲ್ಲ, ಆಮೇಲೆ ತೊಳೆದು ಒರೆಸಿ ಎಣ್ಣೆ ಸವರಿದರಾಯಿತು. ಆದರೆ ಎಲ್ಲ ಉಕ್ಕಿಗೂ ಈ ಉಪಾಯ ನಡೆಯುವುದಿಲ್ಲ. ಯಾಕೆ ಎಂದು ತಿಳಿಯಲು ಪುಟ್ಟ ವಿಮಾನ ಹತ್ತುವ ಮೆಟ್ಟಿಲನ್ನು ನೋಡೋಣ.

ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನವನ್ನು 1956ರಿಂದ ಇಲ್ಲಿಯವರೆಗೆ 44,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಲಾಗಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲೂ ವಿದ್ಯಾರ್ಥಿಗಳು ಹಾರಾಟ ಕಲಿಯುವುದು ಇಂಥ ವಿಮಾನದಲ್ಲೇ. ಇದನ್ನು ಹತ್ತಲು ಬೇರೆ ಏಣಿ ಬೇಡ. ಚಕ್ರವನ್ನು ಹೊತ್ತಿರುವ ಉಕ್ಕಿನ ಕಾಲಿಗೇ ಒಂದು ಚಿಕ್ಕ ಮೆಟ್ಟಿಲು ಕೂಡಿಸಿರುತ್ತಾರೆ.

ಆ ಕಾಲು ಬರೀ ಕಂಬವಲ್ಲ, ಅದೊಂದು ಸ್ಪ್ರಿಂಗ್. ವಿಮಾನ ನೆಲ ಮುಟ್ಟಿದಾಗಲೆಲ್ಲ ಬಾಗಿ, ಮತ್ತೆ ನೆಟ್ಟಗಾಗುತ್ತದೆ. ತಂತಿಯನ್ನು ಆಚೆ ಈಚೆ ಬಗ್ಗಿಸುತ್ತಾ ಹೋದರೆ ಕೊನೆಗೆ ಮುರಿಯುತ್ತದಲ್ಲ? ಹಾಗೆ ಆಗಬಾರದೆಂದು ಕಾಲಿನ ಕೆಳಮೈಗೆ ಸಣ್ಣ ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಮೇಲ್ಪದರವನ್ನು ಬಿಗಿ ಮಾಡಿರುತ್ತಾರೆ. ಬಿಗಿಯಾದ ಪದರದಲ್ಲಿ ಬಿರುಕು ಸುಲಭಕ್ಕೆ ಹುಟ್ಟುವುದಿಲ್ಲ. ಆದರೆ ಈ ಕವಚದ ದಪ್ಪ ಅರ್ಧ ಮಿಲಿಮೀಟರ್ ದಾಟುವುದಿಲ್ಲ. ತುಕ್ಕು ಅಷ್ಟು ಆಳಕ್ಕೆ ಕೊರೆದರೆ ಕವಚ ಹೋಯಿತು ಎಂದೇ ಅರ್ಥ. ಹಲವು ಮಾದರಿಗಳಲ್ಲಿ ಮೆಟ್ಟಿಲನ್ನು ಕಾಲಿಗೆ ಅಂಟಿನಿಂದಲೇ ಕೂಡಿಸಿರುತ್ತಾರೆ ಎಂದರೆ ನಂಬುತ್ತೀರಾ? ಬಾಗುವ ಸ್ಪ್ರಿಂಗಿಗೆ ತೂತು ಕೊರೆದರೆ ಅಲ್ಲಿಂದಲೇ ಬಿರುಕು ಶುರುವಾಗಬಹುದು.

ಮೆಟ್ಟಿಲಿನ ಹತ್ತಿರ ಬಣ್ಣಕ್ಕೆ ಉಳಿಗಾಲವಿಲ್ಲ. ಬೂಟಿನ ಮರಳು ಉಜ್ಜುತ್ತದೆ, ಚಕ್ರದಿಂದ ಕಲ್ಲು ಸಿಡಿಯುತ್ತದೆ. ಚೂರು ಬಣ್ಣ ಎದ್ದರೆ ಸಾಕು, ನೀರು ಒಳಗೆ ಸೇರುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಉಬ್ಬಿ ಪಕ್ಕದ ಬಣ್ಣವನ್ನೂ ಎಬ್ಬಿಸುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದೆಲ್ಲ ಇನ್ನೂ ಬೇಗ.

ಈಗ ನಿಂಬೆರಸಕ್ಕೆ ಬರೋಣ. ಆಮ್ಲ ಕಬ್ಬಿಣಕ್ಕೆ ತಾಗಿದಾಗ ಹೈಡ್ರೋಜನ್ ಹುಟ್ಟುತ್ತದೆ. ಹೆಚ್ಚಿನದು ಗುಳ್ಳೆಯಾಗಿ ಹೋಗುತ್ತದೆ, ಸ್ವಲ್ಪ ಮಾತ್ರ ಪರಮಾಣು ರೂಪದಲ್ಲಿ ಉಕ್ಕಿನೊಳಗೆ ನುಸುಳುತ್ತದೆ. ಗೇಟಿನ ಮೆದು ಕಬ್ಬಿಣ ಇದನ್ನು ತಡೆದುಕೊಳ್ಳುತ್ತದೆ. ಗಟ್ಟಿ ಮಾಡಿದ ಸ್ಪ್ರಿಂಗ್ ಉಕ್ಕು ಮಾತ್ರ ಪೆಡಸಾಗಿ, ಭಾರ ಬಿದ್ದಾಗ ಮುನ್ಸೂಚನೆಯಿಲ್ಲದೆ ಸೀಳಬಹುದು. ಗಂಟೆಗಳೋ ದಿನಗಳೋ ಕಳೆದ ಮೇಲೂ ಹೀಗಾಗಬಹುದು. ಮೇಲ್ನೋಟಕ್ಕೆ ಕಾಲು ಫಳಫಳ ಹೊಳೆಯುತ್ತಲೇ ಇರುತ್ತದೆ! ಗಟ್ಟಿ ಉಕ್ಕಿನ ಭಾಗಗಳಿಗೆ ಲೋಹದ ಲೇಪ ಕೊಟ್ಟ ಮೇಲೆ ಕಾರ್ಖಾನೆಗಳಲ್ಲಿ ಅವನ್ನು ಗಂಟೆಗಟ್ಟಲೆ ಒಲೆಯಲ್ಲಿಟ್ಟು ಬಿಸಿ ಮಾಡುವುದು ಈ ಹೈಡ್ರೋಜನ್ನನ್ನು ಓಡಿಸಲಿಕ್ಕೇ.

ಹಾಗಾದರೆ ಸರಿಯಾದ ದಾರಿ ಯಾವುದು? ಹೆಚ್ಚು ಒತ್ತಡ ಹೊರುವ ಉಕ್ಕಿನ ತುಕ್ಕನ್ನು ನಯವಾದ ಉಜ್ಜುಕಾಗದದಿಂದ ಮೆಲ್ಲಗೆ ತೆಗೆಯಬೇಕು, ಮೈ ಬಿಸಿಯಾಗಬಾರದು, ಗೀರೂ ಬೀಳಬಾರದು ಎನ್ನುತ್ತದೆ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಮಾರ್ಗಸೂಚಿ. ಕಾಲಿನ ಮೇಲೆ ಗುಳಿ ಕಂಡರೆ ಅದರ ಆಳ ಅಳೆದು ತೀರ್ಮಾನಿಸಬೇಕಾದವರು ಪರವಾನಗಿ ಇರುವ ಎಂಜಿನಿಯರ್. ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ಉಳಿದಂತೆ ಸಿಹಿನೀರಿನಲ್ಲಿ ತೊಳೆದು ಒಣಗಿಸುವುದು, ಎದ್ದ ಬಣ್ಣವನ್ನು ತಡಮಾಡದೆ ಮುಚ್ಚುವುದು, ಬಗ್ಗಿ ಮೆಟ್ಟಿಲಿನ ಅಡಿ ನೋಡುವುದು. ಬೇಸರದ ಕೆಲಸ, ಆದರೆ ಮೆಟ್ಟಿಲನ್ನು ಉಳಿಸುವುದು ಇದೇ.

ಸವೆತಕ್ಕೆ ಮೆಟ್ಟಿಲಿನ ಮೇಲೆ ಒರಟು ಟೇಪ್ ಅಂಟಿಸುತ್ತಾರೆ. ಕಾಲು ಜಾರುವುದಿಲ್ಲ, ಒಳ್ಳೆಯದೇ. ಅಂಚು ಎದ್ದ ಟೇಪ್ ಮಾತ್ರ ನೀರನ್ನು ಹಿಡಿದಿಟ್ಟುಕೊಂಡು, ತುಕ್ಕನ್ನು ಕಣ್ಣಿಗೆ ಕಾಣದಂತೆ ಬೆಳೆಸುತ್ತದೆ. ಅಂಥದ್ದನ್ನು ಕಿತ್ತು ಹೊಸದು ಹಾಕಬೇಕು.

‘ಡಬ್ಲ್ಯೂಡಿ-40 ಹೊಡೆದರೆ ತುಕ್ಕೇ ಬರಲ್ಲ’ ಎನ್ನುವವರೂ ಇದ್ದಾರೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಈ ದ್ರವವನ್ನು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲೆಂದು ಬಳಸಿದ್ದು ನಿಜ. ನೀರನ್ನು ಅದು ಚೆನ್ನಾಗಿಯೇ ಹೊರದೂಡುತ್ತದೆ. ಆದರೆ ಉಳಿಯುವ ಪದರ ತೆಳು, ದಿನವೂ ಬೂಟು ಉಜ್ಜುವ ಕಡೆ ಬಾಳುವುದಿಲ್ಲ. ಅಲ್ಲದೆ ಕಾಲಿಡುವ ಮೆಟ್ಟಿಲಿಗೆ ಯಾರಾದರೂ ಎಣ್ಣೆ ಹೊಡೆಯುತ್ತಾರೆಯೇ?

ನಮ್ಮ ಬಳಿ ವಿಮಾನವೇ ಇಲ್ಲವಲ್ಲ ಎನ್ನಬೇಡಿ. ಬೈಕಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್ ಕೂಡ ಗಟ್ಟಿ ಮಾಡಿದ ಉಕ್ಕೇ. ಬೋಲ್ಟ್‌ಗಳ ತಲೆಯ ಮೇಲಿನ ಅಂಕಿ ನೋಡಿ: 10.9 ಅಥವಾ 12.9 ಎಂದಿದ್ದರೆ ಅದು ಹೆಚ್ಚು ಬಲದ ಉಕ್ಕು. ತುಕ್ಕು ಹಿಡಿದಿದ್ದರೆ ವಿನೆಗರ್‌ನಲ್ಲಿ ನೆನೆಸಬೇಡಿ, ಅದೇ ಅಂಕಿಯ ಹೊಸ ಬೋಲ್ಟ್ ಹಾಕಿಸಿ.