ಬಾಸೆಲ್ ಮಿಶನ್ನಿನ ಋಣವೂ ಅದರ ಉದ್ದೇಶವೂ

ಧಾರವಾಡದಲ್ಲಿ ಕಿಟೆಲ್ ಸಾಹೇಬರ ಸ್ಮರಣೆಗೆಂದು ಸಭೆ ಕೂಡಿದಾಗಲೆಲ್ಲ ಎರಡು ಬಗೆಯ ಮಾತು ಕೇಳಬರುವದು ವಾಡಿಕೆ. ವೇದಿಕೆಯ ಮೇಲಿನವರು, ‘ಪಾದ್ರಿಯಾಗಿ ಬಂದರು, ಕನ್ನಡದ ಭಕ್ತರಾಗಿ ಹೋದರು’ ಎಂದು ಹಾರ ಹಾಕುವರು. ಸಭೆ ಮುಗಿದು ಸ್ಟೇಶನ್ನಿನ ಮಗ್ಗುಲಿನ ಮಾಳಮಡ್ಡಿಗೆ ಮರಳುವ ದಾರಿಯಲ್ಲಿ, ‘ಜಾತಿ ಕೆಡಿಸಲು ಬೀಸಿದ ಬಲೆಯ ಒಂದು ಎಳೆಯೇ ಆ ಕೋಶ’ ಎಂದು ಬೇರೊಬ್ಬರು ಗೊಣಗುವರು. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಒಂದೇ ತಪ್ಪಿನ ಅವಳಿ ಮಕ್ಕಳು. ಮಿಶನ್ನಿನ ಉದ್ದೇಶ ಬೇರೆ, ಕೆಲಸ ಬೇರೆ ಎಂದು ಎರಡೂ ಪಕ್ಷದವರು ಎಣಿಸಿದ್ದಾರೆ. ಒಬ್ಬರು ಉದ್ದೇಶವನ್ನು ಮುಚ್ಚಿಟ್ಟು ಕೆಲಸವನ್ನು ಹೊಗಳುವರು. ಇನ್ನೊಬ್ಬರು ಉದ್ದೇಶವನ್ನು ತೋರಿಸಿ ಕೆಲಸವನ್ನು ಜರೆಯುವರು.

ಉದ್ದೇಶವನ್ನು ಮಿಶನ್ನಿನವರು ಎಂದೂ ಬಚ್ಚಿಟ್ಟವರಲ್ಲ. 1815ರಲ್ಲಿ ಸ್ವಿಟ್ಝರ್ಲಂಡದ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಈ ಸಂಸ್ಥೆಯ ಪ್ರಚಾರಕರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದದ್ದು ಕ್ರಿಸ್ತನ ಸುವಾರ್ತೆಯನ್ನು ಸಾರುವದಕ್ಕೆ. ಕಾಲಜ್ಞಾನವನ್ನು ನಂಬಿದ ಲಿಂಗಾಯತ ಪಂಥವೊಂದು ಇಡಿಯಾಗಿ ತಮ್ಮ ಮತಕ್ಕೆ ಬರುವದೆಂದು ಭ್ರಮಿಸಿ ಅವರು ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ವಸತಿಯನ್ನೇ ಕಟ್ಟಿದರು, ನಿರೀಕ್ಷೆ ಹುಸಿಯಾಯಿತು. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ಲರಾದರೂ 1862ರ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನೇ ಕನ್ನಡದ ಛಂದಸ್ಸಿನಲ್ಲಿ ಹಾಡಿದರು. ಪಾದ್ರಿತನವನ್ನು ಕಳಚಿಟ್ಟು ಕನ್ನಡವನ್ನು ಉಟ್ಟರೆಂಬ ಮಾತು ಅವರಿಗೆ ಮಾಡುವ ಮರ್ಯಾದೆಯಲ್ಲ, ಅವಮರ್ಯಾದೆ.

ಅಷ್ಟೇ ಅಲ್ಲ, ಅವರ ಕೋಶವು ಒಬ್ಬಂಟಿಗನ ಹುಚ್ಚಿನ ಫಲವೂ ಅಲ್ಲ. ಅದೇ ಮಿಶನ್ನಿನ ಗುಂಡರ್ಟರು 1872ರಲ್ಲಿ ಮಲೆಯಾಳದ ಕೋಶವನ್ನೂ, ಮ್ಯಾನರರು 1886ರಲ್ಲಿ ತುಳುವಿನ ಕೋಶವನ್ನೂ ಕೊಟ್ಟರು. ಸಮುದ್ರದಾಚೆ ಆಫ್ರಿಕಾದ ಪಶ್ಚಿಮ ತೀರದಲ್ಲಿ, ಈಗಿನ ಘಾನಾ ದೇಶದಲ್ಲಿ, ಕ್ರಿಸ್ಟಾಲರರು 1881ರಲ್ಲಿ ಟ್ವಿ ಭಾಷೆಗೆ ಕೋಶ ಕಟ್ಟಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಶಬ್ದಗಳ ಕಿಟೆಲ್ ಕೋಶವು ಈ ಸಾಲಿನಲ್ಲಿಯದು. ಇದೆಲ್ಲ ಆಕಸ್ಮಿಕವೇ? ಪ್ರತಿಯೊಬ್ಬನೂ ತನ್ನ ತಾಯ್ನುಡಿಯಲ್ಲಿ ಶಾಸ್ತ್ರವನ್ನು ತಾನೇ ಓದಬೇಕೆಂಬುದು ಅವರ ಮತದ ಮೂಲ ನಂಬಿಕೆ. ಅದಕ್ಕಾಗಿ ಮೊದಲು ಪಾದ್ರಿಯೇ ಆ ನುಡಿಯ ಗಾದೆಯನ್ನೂ ಹಾಡನ್ನೂ ವ್ಯಾಕರಣವನ್ನೂ ಕಲಿಯಬೇಕಾಯಿತು. ಉದ್ದೇಶವು ಬೇರೆಯಾಗಿದ್ದರೆ ಕೋಶವೂ ಇರುತ್ತಿರಲಿಲ್ಲ.

ಬಲೆಯೆಂದು ಗೊಣಗುವವರಿಗೂ ಒಂದು ಪ್ರಶ್ನೆಯುಂಟು. ಕಿಟೆಲ್ಲರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಶೋಧಿಸಿ ಅಚ್ಚು ಹಾಕಿಸಿದರು. ಶಬ್ದಮಣಿದರ್ಪಣವನ್ನು ಓದಿ ಕ್ರೈಸ್ತನಾದವನು ಯಾವನಿದ್ದಾನೆ? ಮಾಳಮಡ್ಡಿಯ ಎಷ್ಟೋ ಮನೆಗಳಲ್ಲಿ ಬೆಳಗಿನ ರಂಗೋಲಿಯೊಡನೆ ದಾಸರ ಪದಗಳು ಏಳುವವು. ಆ ಪದಗಳನ್ನು ಸಂಗ್ರಹಿಸಿ 1850ರಷ್ಟು ಹಿಂದೆಯೇ ಪುಸ್ತಕವಾಗಿ ಅಚ್ಚಿಗೆ ತಂದವರು ಮಠದವರಲ್ಲ, ಶಾಸ್ತ್ರಿಗಳಲ್ಲ. ಮಂಗಳೂರಿನ ಮಿಶನರಿ ಮೋಗ್ಲಿಂಗರು. ಜನರ ಮನಸ್ಸನ್ನು ಅರಿತು ಮತ ತಿರುಗಿಸಬೇಕೆಂದೇ ಅವರು ಪದಗಳನ್ನು ಕೂಡಿಸಿದರೆಂದು ಇಟ್ಟುಕೊಳ್ಳೋಣ. ಪಾದ್ರಿ ಹೋದರು, ಪದ ಉಳಿಯಿತು. ಅದೇ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತವೂ ಬಸವಪುರಾಣವೂ ಕಲ್ಲಚ್ಚನ್ನು ಕಂಡವು. ಆ ಕಾಲಕ್ಕೆ ಧಾರವಾಡದ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿ ಮೆರೆಯುತ್ತಿತ್ತು. ತಾಳೆಯೋಲೆಯ ಕಟ್ಟುಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿದ್ದವು. ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದು 1890ರಲ್ಲಿ, ದಾಸರ ಪದಗಳು ಅಚ್ಚಾದ ನಾಲ್ವತ್ತು ವರುಷಗಳ ಮೇಲೆ. ಬಲೆಯನ್ನು ದೂರುವವರು ಈ ನಾಲ್ವತ್ತು ವರುಷಗಳ ಲೆಕ್ಕವನ್ನೂ ಒಪ್ಪಿಸತಕ್ಕದ್ದು.

ಹಾಗೆಂದು ಮಿಶನ್ನಿನ ಮೇಲೆ ಹೊರಿಸತಕ್ಕ ದೋಷವೇ ಇಲ್ಲವೆಂದಲ್ಲ. ಊರೂರಿನ ಶಬ್ದವನ್ನು ತಂದುಕೊಟ್ಟ, ಹಳಗನ್ನಡದ ಗಂಟು ಬಿಡಿಸಿದ ದೇಶೀಯ ಪಂಡಿತರಿಗೆ ಸಂದದ್ದು ಹೆಚ್ಚೆಂದರೆ ಮುನ್ನುಡಿಯ ಕೃತಜ್ಞತೆ. ಕೀರ್ತಿಯೆಲ್ಲ ಮುಖಪತ್ರದ ಮೇಲಿನ ಹೆಸರಿಗೆ. ಇದಕ್ಕಿಂತ ದೊಡ್ಡದು ಇನ್ನೊಂದು. ಮತ ಬಿಟ್ಟವನು ಜಾತಿಯನ್ನೂ ಕಸುಬನ್ನೂ ಕಳೆದುಕೊಂಡು ಬೀದಿಗೆ ಬೀಳುತ್ತಿದ್ದನಾದಕಾರಣ ಮಿಶನ್ನಿನವರು ಮಗ್ಗ ಹೂಡಿದರು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರಖಾನೆ ತೆಗೆದರು. ಅನ್ನವಂತೂ ದೊರೆಯಿತು. ಆದರೆ ಗುರುವೂ ಧಣಿಯೂ ಒಬ್ಬನೇ ಆದಲ್ಲಿ ಶಿಷ್ಯನು ತಲೆಯೆತ್ತಿ ಮಾತಾಡುವದೆಂತು? 1914ರಲ್ಲಿ ಯುರೋಪದಲ್ಲಿ ಮಹಾಯುದ್ಧ ಹೊತ್ತಿತು. ಜರ್ಮನ್ ಪಾದ್ರಿಗಳನ್ನು ಇಂಗ್ಲಿಷ್ ಸರಕಾರವು ಸೆರೆಯಲ್ಲಿಟ್ಟು ದೇಶದಿಂದ ಹೊರಗೆ ಕಳಿಸಿತು, ಕಾರಖಾನೆಗಳು ಬೇರೊಂದು ಟ್ರಸ್ಟಿನ ಪಾಲಾದವು. ಅರಿಯದ ದೇಶದ ಜಗಳಕ್ಕೆ ಹಂಚು ಸುಡುವ ಕನ್ನಡ ಕರಾವಳಿಯ ಕೂಲಿಯ ಧಣಿ ಬದಲಾದನು. ಜಗತ್ತೆಲ್ಲ ಹಬ್ಬಿದ ಸಂಸ್ಥೆಯ ಬಲವೂ ಬಲಹೀನತೆಯೂ ಇದೇ: ದಾರದ ತುದಿ ದೂರದ ಕೈಯಲ್ಲಿರುವದು.

ಈ ಸಂಸ್ಥೆಯು ಕನ್ನಡ ನಾಡಿನಲ್ಲಿ ಬಿಟ್ಟುಹೋದದ್ದು ಕೋಶವೊಂದನ್ನೇ ಅಲ್ಲ, ಜನರನ್ನು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ಕ್ರೈಸ್ತ ಮನೆಗಳಲ್ಲಿ ಅಡಿಗೆಯ ಮಾತು ಕನ್ನಡ, ಪ್ರಾರ್ಥನೆ ಕನ್ನಡ, ಅಳುವದೂ ಕನ್ನಡದಲ್ಲಿಯೇ. ಕಿಟೆಲ್ಲರ ಹೆಸರಿನ ಕಾಲೇಜು ಧಾರವಾಡದಲ್ಲಿದೆ. ಸಭೆಗಳಲ್ಲಿ ಅವರ ಭಾವಚಿತ್ರಕ್ಕೆ ಹೂವು ಏರುವದು. ಹೂವೇರಿಸಿದ ಕೈಯೇ ನೆರೆಯವನನ್ನು ತೋರಿಸಿ ‘ಅವರು ಮಿಶನ್ನಿನವರು’ ಎಂದು ಬೆರಳು ಮಾಡುವದುಂಟು. ಜರ್ಮನಿಯಲ್ಲಿ ಹುಟ್ಟಿ ಜರ್ಮನಿಯಲ್ಲಿಯೇ ತೀರಿಕೊಂಡ ಪಾದ್ರಿ ‘ನಮ್ಮವ’ನಾದನು, ಅವನ ದೇವಾಲಯದಲ್ಲಿ ಮೊಣಕಾಲೂರುವ ಇಲ್ಲಿಯ ಕನ್ನಡಿಗನು ನಾಲ್ಕು ತಲೆಮಾರಿನ ಮೇಲೂ ‘ಅವರು’. ಪಾದ್ರಿತನವನ್ನು ಒರಸಿಹಾಕಿ ಕಿಟೆಲ್ಲರನ್ನು ಹೊಗಳುವ ಜಾಣತನದ ಗುಟ್ಟು ಇಲ್ಲಿದೆ. ಪಾದ್ರಿಯೆಂದು ಒಪ್ಪಿದರೆ ಅವರ ಸಭೆಯ ಜನರನ್ನೂ ಒಪ್ಪಬೇಕಾಗುವದಲ್ಲವೆ? ಮುಂದಿನ ಕಿಟೆಲ್ ಸ್ಮರಣೆಯ ಆಮಂತ್ರಣ ಅಚ್ಚಾಗುವ ಮೊದಲು, ಅಧ್ಯಕ್ಷರಾಗಿ ಬೆಟಗೇರಿಯ ಕ್ರೈಸ್ತ ಶಾಲಾಮಾಸ್ತರರೊಬ್ಬರ ಹೆಸರನ್ನು ಯಾರಾದರೂ ಸೂಚಿಸಿ ನೋಡಲಿ. ಮಾಳಮಡ್ಡಿಯಿಂದ ಎಷ್ಟು ಕೈ ಏಳುವವೆಂದು ಎಣಿಸಲಿ.